ಒಲಿಂಪಿಕ್ ಬಾಕ್ಸಿಂಗ್ ಅಂಕ: 9-4 ಹೋಗಿ 29-28 ಯಾಕೆ ಬಂತು?

ಖಡೇಬಜಾರ್, ಬೆಳಗಾವಿ: ಹುಡುಗರಿಗೆ ಹಳೇ ಬೌಟ್‌ಗಳ (ಪಂದ್ಯಗಳ) ವಿಡಿಯೊ ತೋರಸ್ತೀವ್ರಿ. 2008ರ ಒಲಿಂಪಿಕ್ಸ್‌ನಾಗ ನಮ್ಮ ಬಾಕ್ಸರ್ ವಿಜೇಂದರ್ ಕ್ವಾರ್ಟರ್‌ಫೈನಲ್ ಗೆದ್ದದ್ದು 9-4. ಈಗಿನ ಸ್ಕೋರ್ 29-28. ಹೆಂಗ ತಿಳಿಸಿ ಹೇಳೋದು?

ವಿಜಯಪುರ ರಿಂಗ್: ಈ ಬದಲಾವಣೆಯ ಮೂಲ 1988ರ ಸೋಲ್ ಒಲಿಂಪಿಕ್ಸ್‌ನಾಗ ಐತ್ರಿ. ಫೈನಲ್‌ನಾಗ ಅಮೆರಿಕದ ರಾಯ್ ಜೋನ್ಸ್ ಜಡ್ಜ್‌ಗಳ 3-2 ತೀರ್ಪಿನಿಂದ ಸೋತಿದ್ದು ದೊಡ್ಡ ಅನ್ಯಾಯ. 1992ರ ಬಾರ್ಸಿಲೋನಾದಾಗ ಯಂತ್ರ ತಂದ್ರು: ಐದು ಜಡ್ಜ್‌ಗಳಲ್ಲಿ ಮೂವರು ಒಂದೇ ಸೆಕೆಂಡಿನೊಳಗ ಬಟನ್ ಒತ್ತಿದ್ರ ಮಾತ್ರ ಆ ಪಂಚ್‌ಗೆ ಒಂದು ಅಂಕ; ನಿಮ್ಮ 9-4 ಹಿಂಗ ಬಂದದ್ದು. ಎಡವಟ್ಟು ಇಲ್ಲೇ ಆತು. ಹೊಟ್ಟೆ, ಪಕ್ಕೆಗೆ ಬಿದ್ದ ಏಟು ಬಹಳಷ್ಟು ಸಲ ದಾಖಲಾಗ್ಲಿಲ್ಲ. ಸಾಲಾಗಿ ನಾಲ್ಕು ಪಂಚ್ ಹೊಡದ್ರೂ ಒಂದೇ ಅಂಕ. ಹಿಂಗಾಗಿ ಒಂದು ನೇರ ಪಂಚ್ ಹೊಡದು ಹಿಂದ ಸರಿಯೋ ಆಟ ಬೆಳೀತು. 2016ರ ರಿಯೋದಾಗ 10 ಅಂಕದ ಪದ್ಧತಿ: ರೌಂಡ್ ಗೆದ್ದವಗ 10, ಸೋತವಗ 9, ಪೂರಾ ಮೇಲುಗೈ ಇದ್ರ 8. ಮೂರು ರೌಂಡ್‌ನಾಗ ಎರಡು ಗೆದ್ದು ಒಂದು ಸೋತ್ರ, ಕೂಡಿಸಿದಾಗ ನಿಮ್ಮ 29-28. ವಿಡಿಯೊ ನೋಡುವಾಗ ಹುಡುಗರು ಪ್ರತಿ ರೌಂಡ್ ಮುಗಿದ ಕೂಡ್ಲೇ ಅಂಕ ಬರೀಲಿ, ಆಮ್ಯಾಲೆ ತಿದ್ದಬಾರದು.

ನವನಗರ, ಬಾಗಲಕೋಟೆ: ಹೆಲ್ಮೆಟ್ಟೂ ನೋಡ್ರಿ. 1984ರಿಂದ ಇತ್ತು, ರಿಯೋದಾಗ ಗಂಡಸರಿಗೆ ತಗದ್ರು, ಹೆಂಗಸರಿಗೆ ಉಳೀತು. ಅದು ಚರ್ಮ ಹರಿಯೋದು ತಡೀತದ, ಒಳಗ ಮಿದುಳು ಅಲುಗೋದನ್ನಲ್ಲ. ತರಬೇತಿಯೊಳಗ ಅದನ್ನ ಬಿಡಬ್ಯಾಡ್ರಿ. 2012ರಾಗ ಮೇರಿ ಕೋಮ್ ಕಂಚು ಗೆದ್ದಾಗ ಮಹಿಳೆಯರಿಗೆ 2 ನಿಮಿಷದ 4 ರೌಂಡ್. ಟೋಕಿಯೋದಾಗ 3 ನಿಮಿಷದ 3.

ಖಡೇಬಜಾರ್, ಬೆಳಗಾವಿ: ಮೇರಿ ಕೋಮ್ ಸೆಮಿಫೈನಲ್ ಸೋತಿದ್ರಲ್ಲ, ಸೋತ್ರೂ ಕಂಚು?

ವಿಜಯಪುರ ರಿಂಗ್: ಹೌದ್ರಿ, ಸೆಮಿಫೈನಲ್ ಸೋತ ಇಬ್ಬರಿಗೂ. ಕಂಚಿಗಂತ ಬ್ಯಾರೆ ಬೌಟ್ ಇಲ್ಲ.