ರಂಗಶಿಕ್ಷಣವನ್ನೇ ಪೂರ್ಣಾವಧಿ ವೃತ್ತಿ ಮಾಡಿಕೊಂಡರೆ ನಟನೆ ಉಳಿಯುತ್ತದೆಯೇ?

ರಾಜಾಜಿನಗರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕ. ಸಂಜೆ ಹೊತ್ತು ಹವ್ಯಾಸಿ ತಂಡವೊಂದರಲ್ಲಿ ನಟಿಸುತ್ತೇನೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿಯೂ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿಯೂ ಕೆಲವು ಪ್ರಯೋಗಗಳಲ್ಲಿ ಪಾತ್ರ ಮಾಡಿದ್ದೇನೆ. ಪಾಠಕ್ಕಿಂತ ನಾಟಕದ ಮೂಲಕವೇ ಮಕ್ಕಳು ನನಗೆ ಹೆಚ್ಚು ಹತ್ತಿರವಾಗುತ್ತಾರೆ. ಆದ್ದರಿಂದ ಈಗಿನ ಕೆಲಸ ಬಿಟ್ಟು ರಂಗಶಿಕ್ಷಕನಾಗಬೇಕೆಂಬ ಆಸೆ ಬಲವಾಗಿದೆ. ಇದಕ್ಕೆ ಪದವಿ ಅಥವಾ ಡಿಪ್ಲೊಮಾ ಬೇಕೇ ಬೇಕೇ? ದಿನವಿಡೀ ಕಲಿಸಿ ದಣಿದ ಮೇಲೆ ನಟನೆಗೆ, ನಿರ್ದೇಶನಕ್ಕೆ ಕಸುವು ಉಳಿಯುತ್ತದೆಯೇ? ಮನೆ ನಡೆಯುತ್ತದೆಯೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ಬರೆಯಿರಿ.

ಜ್ಞಾನಭಾರತಿ ಹಳೆಯ ವಿದ್ಯಾರ್ಥಿ:

ಕೋರ್ಸಿನ ವಿಷಯ ಮಾತ್ರ ಹೇಳುತ್ತೇನೆ. ಊರು ಬಿಡಲು ಸಾಧ್ಯವಿದ್ದರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. 1980ರಿಂದ ನಡೆಯುತ್ತಿದೆ, ಅಲ್ಲಿಯೇ ಇದ್ದು ಕಲಿಯಬೇಕು. ಬೆಂಗಳೂರಿನಲ್ಲಿಯೇ ಇರಬೇಕಾದರೆ ರಾಷ್ಟ್ರೀಯ ನಾಟಕ ಶಾಲೆಯ (ಎನ್‌ಎಸ್‌ಡಿ) ಬೆಂಗಳೂರು ಕೇಂದ್ರದ ಒಂದು ವರ್ಷದ ಅಭಿನಯ ತರಬೇತಿಯೂ ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲಾ ವಿಭಾಗವೂ ಇವೆ. ಮಕ್ಕಳೊಂದಿಗೆ ಕೆಲಸ ಮಾಡುವ ವಿಧಾನವನ್ನೇ ಕಲಿಯಬೇಕೆಂದರೆ ಎನ್‌ಎಸ್‌ಡಿಯ ಅಗರ್ತಲ ಕೇಂದ್ರದಲ್ಲಿ ಅದಕ್ಕೆಂದೇ ಒಂದು ವರ್ಷದ ಕೋರ್ಸ್ ಇದೆ. ಅರ್ಜಿ ಹಾಕುವ ಮೊದಲು ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ.

ತಾಲೀಮುಮನೆ:

ಮೇಷ್ಟ್ರೇ, ನಾನು ಬಹಳ ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಬೆಳಗ್ಗೆ ಶಾಲೆಗಳಲ್ಲಿ ನಾಟಕ ಕಲಿಸುತ್ತೇನೆ, ಸಂಜೆ ತಾಲೀಮು, ವರ್ಷಕ್ಕೊಂದು ನಾಟಕ ನಿರ್ದೇಶಿಸುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಕಲಿಸುವುದಕ್ಕಾಗಿ ನಟನೆ ಬಿಡಬೇಡಿ. ನಟನೆ ಬಿಟ್ಟ ದಿನದಿಂದ ತರಗತಿಯೂ ಸೊರಗುತ್ತದೆ. ಆದರೆ ನಿಮ್ಮೊಳಗಿನ ನಿರ್ದೇಶಕನನ್ನು ತರಗತಿಯ ಬಾಗಿಲಲ್ಲೇ ನಿಲ್ಲಿಸಬೇಕು. ಅದೇ ಕಷ್ಟದ ಕೆಲಸ.

ಮೊದಲು ನಟನೆಯ ಮಾತು. ಏಳನೆಯ ತರಗತಿಯವರೊಂದಿಗೆ ಕುವೆಂಪು ಅವರ ಕಿಂದರಿಜೋಗಿ ತೆಗೆದುಕೊಂಡಿದ್ದೆ. ಇಲಿಗಳೆಲ್ಲ ಹೊಳೆ ಪಾಲಾದ ಮೇಲೆ ಊರಿನವರು ಜೋಗಿಗೆ ಕೊಟ್ಟ ಮಾತು ತಪ್ಪುವ ಘಟ್ಟಕ್ಕೆ ಬಂದಾಗ ಪುಸ್ತಕ ಮುಚ್ಚಿಸಿ, ಹೆಗಲಿಗೊಂದು ವಲ್ಲಿ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತೆ. "ನಾನೀಗ ಊರ ಗೌಡ. ಏನು ಬೇಕಾದರೂ ಕೇಳಿ" ಎಂದೆ. ಮೊದಮೊದಲು ನಗು, ಗದ್ದಲ. ಆಮೇಲೆ ಕಿಟಕಿಯ ಬಳಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಗೌಡರೇ, ನಿಮ್ಮ ಹತ್ತಿರ ದುಡ್ಡು ಇರಲಿಲ್ಲವೇ, ಕೊಡುವ ಮನಸ್ಸಿರಲಿಲ್ಲವೇ?" ಶಿಕ್ಷಕಿಯಾಗಿ ಉತ್ತರಿಸಿದ್ದರೆ ಅದು ನೀತಿಪಾಠವಾಗುತ್ತಿತ್ತು. ಗೌಡನಾಗಿಯೇ ಉತ್ತರ ಹುಡುಕಬೇಕಿತ್ತು. ವಲ್ಲಿಯ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತ, ಅವಳ ಮುಖ ನೋಡದೆ ಹೇಳಿದೆ: "ಇಲಿಗಳು ಹೋದವಲ್ಲ ತಾಯಿ, ಇನ್ನು ಬರುವುದಿಲ್ಲವಲ್ಲ." ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಒಬ್ಬ, "ಹಾಗಾದರೆ ಕೆಲಸ ಆಗುವವರೆಗೆ ಮಾತ್ರ ಮಾತು ಕೊಟ್ಟಿದ್ದಿರಿ" ಎಂದ. ಆಮೇಲೆ ಪ್ರಶ್ನೆಗಳು ನಿಲ್ಲಲೇ ಇಲ್ಲ. ಗೌಡನ ತಪ್ಪಿಗೆ ಮಕ್ಕಳು ಯಾಕೆ ಹೋಗಬೇಕು ಎಂಬಲ್ಲಿಗೆ ಬಂದು ಮುಟ್ಟಿದವು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಶಿಕ್ಷಕರೇ ಪಾತ್ರವಾಗಿ ಮಕ್ಕಳ ಮುಂದೆ ಕೂರುವ ಈ ಕ್ರಮವನ್ನು ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ ಬೆಳೆಸಿದರು. ಪುಸ್ತಕ ಓದಿ ತಿಳಿಯಬಹುದು, ಆದರೆ ಆ ಕ್ಷಣದಲ್ಲಿ ಕಣ್ಣು ತಗ್ಗಿಸಬೇಕೋ ಎತ್ತಬೇಕೋ ಎಂಬುದು ಸಂಜೆಯ ತಾಲೀಮಿನಿಂದಲೇ ಬರುತ್ತದೆ. ಸಹನಟರ ಮಾತನ್ನು ಕೇಳಿಸಿಕೊಂಡು ಉತ್ತರಿಸುವ ಅಭ್ಯಾಸ ತಪ್ಪಿದರೆ, ಮಕ್ಕಳ ಮಾತನ್ನು ಕೇಳಿಸಿಕೊಳ್ಳುವುದೂ ತಪ್ಪುತ್ತದೆ. ದಣಿವಂತೂ ಇದ್ದೇ ಇದೆ. ಯಲಹಂಕದ ಕಡೆಯ ಶಾಲೆ ಮುಗಿಸಿ ಹನುಮಂತನಗರ ತಲುಪುವಷ್ಟರಲ್ಲಿ ಜೀವ ಹೈರಾಣಾಗಿರುತ್ತದೆ. ಆದರೂ ತಾಲೀಮು ಶುರುವಾಗಿ ಅರ್ಧ ಗಂಟೆಯಲ್ಲಿ ಮೈ ಹಗುರವಾಗುತ್ತದೆ.

ಇನ್ನು ನಿರ್ದೇಶಕನ ಮಾತು. ನಿರ್ದೇಶಕ ಪಾತ್ರಕ್ಕೆ ತಕ್ಕ ನಟನನ್ನು ಹುಡುಕುತ್ತಾನೆ. ಶಿಕ್ಷಕ ಹುಡುಕಬೇಕಾದದ್ದು ಮಗುವಿಗೆ ತಕ್ಕ ಪಾತ್ರವನ್ನು. ಅದೇ ಕಿಂದರಿಜೋಗಿಯಲ್ಲಿ ಜೋಗಿ ಯಾರೆಂದು ಇಡೀ ಶಾಲೆಗೆ ಗೊತ್ತಿತ್ತು: ಒಳ್ಳೆಯ ಕಂಠ, ತಿದ್ದಿದಂಥ ಉಚ್ಚಾರಣೆ, ಪ್ರತಿ ವರ್ಷವೂ ಮುಖ್ಯ ಪಾತ್ರ ಮಾಡುವ ಹುಡುಗ. ಅವನಿಗೆ ನಾನು ತಮಟೆ ಕೊಟ್ಟೆ. ಬೇರೆಯವರ ಹೆಜ್ಜೆ ನೋಡಿಕೊಂಡು ಬಾರಿಸುವುದು ಅವನಿಗೆ ಹೊಸದು, ಮೊದಲ ವಾರ ಮುಖ ಊದಿಸಿಕೊಂಡೇ ಇದ್ದ. ಜೋಗಿಯ ಪಾತ್ರವನ್ನು ನಾಲ್ವರು ಮಾಡಿದರು. ಒಬ್ಬರ ಹೆಗಲಿನ ಕೆಂಪು ಜೋಳಿಗೆ ಇನ್ನೊಬ್ಬರ ಹೆಗಲಿಗೆ ಬಂದರೆ ಈಗ ಇವರೇ ಜೋಗಿ. ಪ್ರೇಕ್ಷಕರಿಗೆ ಎಲ್ಲಿಯೂ ಗೊಂದಲವಾಗಲಿಲ್ಲ. ನಾಟಕ ಇನ್ನಷ್ಟು ಚುರುಕಾಗಬಹುದಿತ್ತು ಎಂದು ನನ್ನೊಳಗಿನ ನಿರ್ದೇಶಕಿಗೆ ಅನ್ನಿಸಿದ್ದು ನಿಜ. ಆ ಚುರುಕು ಹೋದರೆ ಹೋಗಲಿ ಎಂಬುದು ನನ್ನ ದೃಢವಾದ ನಿಲುವು.

ಮೂರೂ ಕೆಲಸ ಒಬ್ಬರೇ ಮಾಡುವುದು ನಮ್ಮಲ್ಲಿ ಹೊಸದೇನಲ್ಲ. ಬಿ.ವಿ. ಕಾರಂತರನ್ನೇ ನೋಡಿ. ಗುಬ್ಬಿ ಕಂಪನಿಯಲ್ಲಿ ಬೆಳೆದವರು, ಎನ್‌ಎಸ್‌ಡಿಯಲ್ಲಿ ಓದಿ ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿದವರು. 1972ರಲ್ಲಿ ಇದೇ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಈಡಿಪಸ್, ಜೋಕುಮಾರಸ್ವಾಮಿ, ಸಂಕ್ರಾಂತಿ ನಾಟಕಗಳನ್ನು ಆಡಿಸಿದರು. ಮುಂದೆ ಎನ್‌ಎಸ್‌ಡಿಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಇಷ್ಟರ ನಡುವೆ ರವೀಂದ್ರನಾಥ ಟ್ಯಾಗೋರರ ಕಥೆಯಿಂದ ಮಕ್ಕಳಿಗಾಗಿ ಪಂಜರ ಶಾಲೆ ಮಾಡಿದರು. ಅವರ ಪತ್ನಿ ಪ್ರೇಮಾ ಕಾರಂತರೂ ಶಿಕ್ಷಕಿಯಾಗಿದ್ದು ಎನ್‌ಎಸ್‌ಡಿಗೆ ಹೋದವರು. ಬೆನಕ ಮಕ್ಕಳ ಕೇಂದ್ರ ಬೆಂಗಳೂರಿನ ಎಷ್ಟೋ ಮಕ್ಕಳನ್ನು ರಂಗಕ್ಕೆ ತಂದಿದ್ದು ಅವರಿಂದ.

ವಾರ್ಷಿಕೋತ್ಸವದ ಬಗ್ಗೆ ಒಂದು ಎಚ್ಚರಿಕೆ. ಹಿಂದೆ ನಾನು ಕಲಿಸುತ್ತಿದ್ದ ಶಾಲೆಯೊಂದರಲ್ಲಿ ಸಂಭಾಷಣೆಯನ್ನೆಲ್ಲ ಸ್ಟುಡಿಯೊದಲ್ಲಿ ಮುದ್ರಿಸಿ, ಮಕ್ಕಳು ವೇದಿಕೆಯಲ್ಲಿ ತುಟಿ ಆಡಿಸಿದರೆ ಸಾಕು ಎಂದರು. ಅಷ್ಟೂ ತಿಂಗಳು ಧ್ವನಿಗಾಗಿ ದುಡಿದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಆ ವರ್ಷದ ಕೊನೆಗೆ ನಾನು ಅಲ್ಲಿಂದ ಹೊರಬಂದೆ.

ಇಬ್ಬರು ಮಕ್ಕಳ ತಾಯಿ:

ಮೇಡಂ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ವಾರ್ಷಿಕೋತ್ಸವವನ್ನು ಅಷ್ಟು ಕಡೆಗಣಿಸಬೇಡಿ. ನನ್ನ ಮಗಳಿಗೆ ವರ್ಷವಿಡೀ ಅದೇ ಕನಸು. ಅಜ್ಜಿ ತಾತ ಊರಿನಿಂದ ಬಂದು ಕುಳಿತುಕೊಳ್ಳುತ್ತಾರೆ. ಬೆಳಕಿನಲ್ಲಿ ನಿಂತು ಎರಡು ಮಾತು ಆಡಿದರೂ ಆ ಧೈರ್ಯ ಅವಳ ಜೊತೆ ಉಳಿಯುವುದಿಲ್ಲವೇ?

ತಾಲೀಮುಮನೆ:

ಖಂಡಿತ ಉಳಿಯುತ್ತದೆ. ಪ್ರೇಕ್ಷಕರಿಲ್ಲದೆ ನಾಟಕವೇ ಇಲ್ಲ, ನಾನು ಪ್ರದರ್ಶನದ ವಿರೋಧಿಯಲ್ಲ. ನನಗೆ ಬೇಕಾದದ್ದು ನಿಮ್ಮ ಮಗಳು ತನ್ನದೇ ಧ್ವನಿಯಲ್ಲಿ ಆ ಎರಡು ಮಾತು ಆಡುವುದು, ನಡುವೆ ಮರೆತರೆ ಪಕ್ಕದ ಗೆಳತಿ ಎತ್ತಿಕೊಡುವುದು. ಅಜ್ಜಿ ತಾತ ನೋಡಬೇಕಾದದ್ದೂ ಅದನ್ನೇ. ಮುಂದಿನ ಸಲ ಶಾಲೆಯ ಸಭೆಯಲ್ಲಿ ಧ್ವನಿಮುದ್ರಣ ಬೇಡವೆಂದು ಪೋಷಕರೇ ಕೇಳಿ. ನಮ್ಮ ಮಾತಿಗಿಂತ ನಿಮ್ಮ ಮಾತಿಗೆ ಅಲ್ಲಿ ಬೆಲೆ ಹೆಚ್ಚು.

ರಾಜಾಜಿನಗರದ ಮೇಷ್ಟ್ರು:

ಮೇಡಂ, ಗೌಡನ ಪ್ರಸಂಗ ಓದಿ ನಾಳೆಯೇ ತರಗತಿಯಲ್ಲಿ ಪ್ರಯತ್ನಿಸಬೇಕೆನಿಸಿತು. ಹಣದ ಮಾತು ಮಾತ್ರ ಉಳಿಯಿತು. ಮುಜುಗರವಿಲ್ಲದಿದ್ದರೆ ತಿಳಿಸಿ.

ತಾಲೀಮುಮನೆ:

ಮುಜುಗರವೇನಿಲ್ಲ, ಇದನ್ನು ಬಿಡಿಸಿ ಹೇಳಲೇಬೇಕು. ಶಾಲೆಗಳು ಸಾಮಾನ್ಯವಾಗಿ ರಂಗಶಿಕ್ಷಕರನ್ನು ಕಾಯಂ ಮಾಡಿಕೊಳ್ಳುವುದಿಲ್ಲ. ಜೂನ್‌ನಿಂದ ಮಾರ್ಚ್‌ವರೆಗಿನ ಒಪ್ಪಂದ, ಏಪ್ರಿಲ್ ಮತ್ತು ಮೇ ತಿಂಗಳಿಗೆ ಸಂಬಳವಿಲ್ಲ. ಆ ಎರಡು ತಿಂಗಳು ಬೇಸಿಗೆ ಶಿಬಿರಗಳು ಕೈ ಹಿಡಿಯುತ್ತವೆ. ಸಂಜೆಯ ತಂಡಗಳಿಂದ ನನಗೆ ಓಡಾಟದ ಖರ್ಚು ಹುಟ್ಟಿದರೆ ಹೆಚ್ಚು. ಆದ್ದರಿಂದ ಕೆಲಸವನ್ನು ಒಮ್ಮೆಲೇ ಬಿಡಬೇಡಿ. ಈಗಿರುವ ಶಾಲೆಯಲ್ಲಿಯೇ ವಾರಕ್ಕೆರಡು ನಾಟಕದ ಪಿರಿಯಡ್ ಕೇಳಿ. ಕನ್ನಡ ಪಾಠದ ಬಲವೂ ನಿಮಗಿದೆ. ಮನೆಯಲ್ಲಿ ತೆಲುಗು, ತಮಿಳು, ಹಿಂದಿ ಆಡುವ ಮಕ್ಕಳು ಸಂಭಾಷಣೆಯ ಮೂಲಕ ಕನ್ನಡಕ್ಕೆ ಹೊರಳುವುದನ್ನು ಮುಖ್ಯ ಶಿಕ್ಷಕರು ಕಣ್ಣಾರೆ ಕಂಡರೆ ಅರ್ಧ ವಾದ ಅಲ್ಲೇ ಗೆದ್ದಂತೆ.

ಹೊಸ ಶಾಲೆಗೆ ಸೇರುವಾಗ ಎಲ್ಲವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಒಂದು ತಂಡದಲ್ಲಿ ಎಷ್ಟು ಮಕ್ಕಳು, ಬೆಂಚಿಲ್ಲದ ಕೋಣೆ ಸಿಗುತ್ತದೆಯೇ, ಸಂಬಳ ಯಾವ ತಾರೀಖಿಗೆ, ಪ್ರದರ್ಶನದ ತಿಂಗಳಲ್ಲಿ ಹೆಚ್ಚುವರಿ ತಾಲೀಮಿಗೆ ಏನು ಕೊಡುತ್ತಾರೆ, ಧ್ವನಿಮುದ್ರಣ ಇರುವುದಿಲ್ಲ ಎಂಬುದೂ. ಕೋಣೆಯ ವಿಷಯದಲ್ಲಿ ಮಾತ್ರ ರಾಜಿ ಆಗಬೇಡಿ. ನಲವತ್ತು ಮಕ್ಕಳನ್ನು ಬೆಂಚುಗಳ ನಡುವೆ ನಿಲ್ಲಿಸಿ ಇಲಿಗಳನ್ನಾಗಿ ಮಾಡಲು ಯಾರಿಂದಲೂ ಆಗದು.