‘ಕನಿಷ್ಠ ವರ್ಗ’ದಲ್ಲಿರುವ ವರ್ಗ ಯಾವುದು?

ಗೆಳೆಯರೇ,

ಎರಡು ಮೂರು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಅಳತೆ ಮಾಡಿ ಗುರುತಿಸಿದ ಬಿಂದುಗಳಿಗೆ ಆದಷ್ಟು ಹತ್ತಿರ ಹಾದುಹೋಗುವ ಗೆರೆಯನ್ನು ಹುಡುಕುವ ಲೆಕ್ಕ ಇದೆಯಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. ಅದನ್ನು ‘ಕನಿಷ್ಠ ವರ್ಗ ವಿಧಾನ’ ಅನ್ನುತ್ತೇವೆ. ನೇರ ಗೆರೆಯ ಮಾತು ಆಡುವ ತನಕ ಏನೂ ತೊಂದರೆ ಆಗಲಿಲ್ಲ. ಆಮೇಲೆ ‘ಕನಿಷ್ಠ ವರ್ಗ ವಿಧಾನದಿಂದ ವರ್ಗ ಸಮೀಕರಣ ಹೊಂದಿಸುವುದು’ ಅಂತ ಬರೆದೆ. ಓದಿ ನೋಡಿದರೆ ಎರಡೂ ವರ್ಗ ಒಂದೇ ಅನ್ನಿಸುತ್ತದೆ. ಅಲ್ಲವೇ ಅಲ್ಲ!

ಒಂದು ಉದಾಹರಣೆ. ಓಡುವ ಗಾಡಿ ನಿಲ್ಲಲು ಬೇಕಾಗುವ ದೂರದಲ್ಲಿ ಎರಡು ಪಾಲು. ಚಾಲಕ ಬ್ರೇಕ್ ಒತ್ತುವಷ್ಟರಲ್ಲಿ ಕಳೆಯುವ ದೂರ ವೇಗದ ಜೊತೆ ಬೆಳೆಯುತ್ತದೆ. ಬ್ರೇಕ್ ಹಿಡಿದ ಮೇಲಿನ ದೂರ ವೇಗದ ವರ್ಗದ ಜೊತೆ ಬೆಳೆಯುತ್ತದೆ. ಹಾಗಾಗಿ:

ದೂರ = ಎ × ವೇಗ + ಬಿ × ವೇಗ²

ನಿಂತ ಗಾಡಿಯನ್ನು ನಿಲ್ಲಿಸಲು ದೂರ ಬೇಕಿಲ್ಲ. ಅದಕ್ಕೇ ಇಲ್ಲಿ ಬಿಡಿ ಸಂಖ್ಯೆ ಇಲ್ಲ, ಗೆರೆ ಸೊನ್ನೆಯಿಂದಲೇ ಹೊರಡುತ್ತದೆ. ಈ ಸಮೀಕರಣದಲ್ಲಿ ವರ್ಗ ಆಗಿರುವುದು ವೇಗ. ವಿಧಾನದ ಹೆಸರಿನಲ್ಲಿರುವ ವರ್ಗವೇ ಬೇರೆ. ಅಳೆದ ದೂರಕ್ಕೂ ಗೆರೆ ಹೇಳುವ ದೂರಕ್ಕೂ ಇರುವ ವ್ಯತ್ಯಾಸದ ವರ್ಗ ಅದು.

ಕನಿಷ್ಠ ಆಗುವುದು ಒಂದೊಂದು ವರ್ಗವೂ ಅಲ್ಲ, ಎಲ್ಲ ವರ್ಗಗಳ ಮೊತ್ತ. ಫ್ರಾನ್ಸಿನ ಗಣಿತಜ್ಞ ಲೆಜಾಂಡ್ರ್ 1805ರಲ್ಲಿ ಧೂಮಕೇತುಗಳ ಕಕ್ಷೆಯ ಬಗೆಗಿನ ತನ್ನ ಪುಸ್ತಕದಲ್ಲಿ ಫ್ರೆಂಚ್‌ನಲ್ಲಿ ಇಟ್ಟ ಹೆಸರಲ್ಲೂ ‘ವರ್ಗಗಳು’ ಅಂತ ಬಹುವಚನವೇ ಇದೆ. ನಾವು ‘ಗಳು’ ಬಿಟ್ಟೆವು. ಈಗ ಹೊಸಬರಿಗೆ ‘ಕನಿಷ್ಠ ವರ್ಗ’ ಅಂದರೆ ಕೆಳಗಿನ ದರ್ಜೆ ಅಂತಲೂ ಕೇಳಿಸಬಹುದು. ‘ಕನಿಷ್ಠ ವರ್ಗಮೊತ್ತ ವಿಧಾನ’ ಅಂದರೆ ಹೇಗೆ? ಕೆಲಸ ಏನು ಅನ್ನುವುದು ಹೆಸರಲ್ಲೇ ಬರುತ್ತದೆ. ನನಗಂತೂ ಇದು ತುಂಬ ಹಿಡಿಸಿದೆ.

ಎರಡನೆಯದು, ಹೀಗೆ ಬಿಡಿ ಸಂಖ್ಯೆ ಇಲ್ಲದ ಸಮೀಕರಣವನ್ನು ‘ಸ್ಥಿರಾಂಕವಿಲ್ಲದ’ ಅಂತ ಬರೆಯುವುದು ತಪ್ಪು ಅಂತ ನನ್ನ ಅಭಿಪ್ರಾಯ. ಎ, ಬಿ ಕೂಡ ಸ್ಥಿರಾಂಕಗಳೇ ಅಲ್ವಾ? ಇಲ್ಲದಿರುವುದು ಸ್ಥಿರಪದ ಮಾತ್ರ. ‘ಸ್ಥಿರಪದವಿಲ್ಲದ’ ಸರಿ. ‘ಮೂಲಬಿಂದುವಿನಲ್ಲಿ ಹಾಯುವ’ ಅಂದರೆ ಇನ್ನೂ ಸುಲಭ, ಕಣ್ಣಿಗೆ ಕಟ್ಟುತ್ತದೆ.

ಮೂರನೆಯದೇ ಜಾಸ್ತಿ ಕಾಡುತ್ತಿರುವುದು. ಅಳತೆಗೂ ಗೆರೆಗೂ ಇರುವ ವ್ಯತ್ಯಾಸಕ್ಕೆ ‘ಶೇಷ’ ಅಂದರೆ ಭಾಗಾಕಾರ ನೆನಪಾಗುತ್ತದೆ. ‘ದೋಷ’ ಅಂದರೆ ಅಳೆದವರು ತಪ್ಪು ಮಾಡಿದ ಹಾಗೆ. ನಾನು ‘ಉಳಿಕೆ’ ಅಂತ ಬರೆದೆ. ಸುಮ್ನೆ ಚಿಕ್ಕ ಸಂಖ್ಯೆಗಳಲ್ಲಿ ಒಮ್ಮೆ ಮಾಡಿಯೂ ನೋಡಿದೆ. ವೇಗ 1, 2, 3 ಇದ್ದಾಗ ದೂರ 3, 8, 14 ಅಂದುಕೊಳ್ಳಿ. ಉಳಿಕೆಗಳ ವರ್ಗಗಳ ಮೊತ್ತ ಕನಿಷ್ಠ ಆಗುವಂಥ ಎ, ಬಿ ಹುಡುಕಲು ಬಿಡಿಸಬೇಕಾದ ಜೋಡಿ ಸಮೀಕರಣ ಇವು:

14 ಎ + 36 ಬಿ = 61
36 ಎ + 98 ಬಿ = 161

ಎ ಸುಮಾರು 2.395, ಬಿ ಸುಮಾರು 0.763. ಗೆರೆಯ ಮೇಲಿನ ದೂರಗಳು 3.158, 7.842, 14.053. ಉಳಿಕೆಗಳು −0.158, 0.158, −0.053. ಕೂಡಿದರೆ ಸೊನ್ನೆ ಬರುವುದಿಲ್ಲ! ಸ್ಥಿರಪದ ಇದ್ದಿದ್ದರೆ ಬರಲೇಬೇಕಿತ್ತು. ಇಲ್ಲಿ ಒಂದೊಂದು ಉಳಿಕೆಯನ್ನೂ ಅದರ ವೇಗದಿಂದ ಗುಣಿಸಿ ಕೂಡಿದರೆ ಮಾತ್ರ ಸೊನ್ನೆ, ವೇಗದ ವರ್ಗದಿಂದ ಗುಣಿಸಿ ಕೂಡಿದರೂ ಸೊನ್ನೆ. ಮೇಲಿನ ಎರಡು ಸಮೀಕರಣ ಹೇಳುವುದು ಇದನ್ನೇ. ಇಂಗ್ಲಿಷ್‌ನಲ್ಲಿ ಇವಕ್ಕೆ ‘ನಾರ್ಮಲ್ ಇಕ್ವೇಶನ್ಸ್’ ಅನ್ನುತ್ತಾರೆ. ಅವನ್ನು ‘ಸಾಮಾನ್ಯ ಸಮೀಕರಣಗಳು’ ಅಂದರೆ ಈ ಅರ್ಥದ ಸುಳಿವೇ ಸಿಗುವುದಿಲ್ಲ. ಉಳಿಕೆಗಳ ಪಟ್ಟಿ, ವೇಗಗಳ ಪಟ್ಟಿ ಎರಡನ್ನೂ ದಿಕ್ಕುಳ್ಳ ಬಾಣಗಳು (ಸದಿಶಗಳು) ಅಂದುಕೊಂಡರೆ, ಗುಣಿಸಿ ಕೂಡಿದಾಗ ಸೊನ್ನೆ ಬಂದರೆ ಅವು ಒಂದಕ್ಕೊಂದು ಲಂಬ ಅಂತ. ಹಾಗಾಗಿ ‘ಲಂಬ ಸಮೀಕರಣಗಳು’ ಅನ್ನಬಹುದೇ? ಅಥವಾ ಸರಳರೇಖೆಯ ಪಾಠದ ಲಂಬರೇಖೆ ಅಂತ ಓದುಗರು ತಪ್ಪು ತಿಳಿಯುತ್ತಾರಾ?

‘ವರ್ಗಮೊತ್ತ’, ‘ಉಳಿಕೆ’, ‘ಲಂಬ’ ಈ ಮೂರರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಪಾಠ ಮಾಡುವವರು ತರಗತಿಯಲ್ಲಿ ಬಾಯಿಮಾತಿನಲ್ಲಿ ಏನನ್ನುತ್ತೀರಿ ಅಂತಲೂ ದಯವಿಟ್ಟು ತಿಳಿಸಿ.