‘ಕಾನ್‌ಫ್ಲಿಕ್ಟಿಂಗ್ ಹೆಡರ್’ಗೆ ‘ತಾಳೆಯಾಗದ ಹೆಡರ್’ ಅನ್ನಬಹುದಾ?

ಬಳ್ಳಾರಿಯಿಂದ ನಮಸ್ಕಾರ. ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಬಳಸಿ ಮೇಲ್‌ನಲ್ಲಿ ಪ್ಯಾಚ್ (ಕೋಡಿನಲ್ಲಿ ಏನು ಬದಲಾಯಿತು ಅಂತ ತೋರಿಸುವ ಫೈಲು) ಕಳಿಸುವುದು ಹೇಗೆ ಅಂತ ಇಲ್ಲಿನ ಇಂಜಿನಿಯರಿಂಗ್ ಹುಡುಗರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಗಾಡಿ ನಿಂತಿದೆ.

ಮೇಲ್‌ನ ತಲೆಯಲ್ಲಿ ಬರುವ ವಿವರದ ಸಾಲುಗಳೇ ಹೆಡರ್. ಪ್ರತಿ ಮೇಲ್‌ಗೂ ಮೆಸೇಜ್-ಐಡಿ ಅಂತ ಒಂದು ಗುರುತು ಇರುತ್ತದೆ. ಇದು ಯಾವ ಮೇಲ್‌ಗೆ ಉತ್ತರ ಅನ್ನುವುದನ್ನು ‘ಇನ್-ರಿಪ್ಲೈ-ಟು’ ಹೆಡರ್ ಹೇಳುತ್ತದೆ. ‘ರೆಫರೆನ್ಸಸ್’ನಲ್ಲಿ ಆ ಮೇಲ್‌ನದ್ದೂ ಅದಕ್ಕೂ ಹಿಂದಿನ ಮೇಲ್‌ಗಳದ್ದೂ ಐಡಿಗಳು ಸಾಲಾಗಿ ಇರುತ್ತವೆ. ಪ್ಯಾಚ್ ಫೈಲು ಮಾಡಿಕೊಡುವ ಗಿಟ್ ಕಮಾಂಡು ಫಾರ್ಮ್ಯಾಟ್-ಪ್ಯಾಚ್‌ಗೆ ‘ಥ್ರೆಡ್’ (ಮೇಲ್‌ಗಳನ್ನು ಒಂದೇ ಮಾತುಕತೆಯಾಗಿ ಜೋಡಿಸುವ) ಆಯ್ಕೆ ಕೊಟ್ಟರೆ ಇವನ್ನು ಪ್ಯಾಚ್ ಫೈಲಿನಲ್ಲೇ ಬರೆದಿಡುತ್ತದೆ. ಆಮೇಲೆ ಅದನ್ನು ಮೇಲ್ ಮಾಡುವ ಕಮಾಂಡು ಸೆಂಡ್-ಇಮೇಲ್‌ಗೂ ‘ಇನ್-ರಿಪ್ಲೈ-ಟು’ ಕೊಟ್ಟರೆ? ಫೈಲು ಒಂದು ಮೇಲ್ ತೋರಿಸುತ್ತದೆ, ಕಮಾಂಡು ಇನ್ನೊಂದನ್ನು. ಮೇಲ್ ಹೇಗಿರಬೇಕು ಅಂತ ಹೇಳುವ ಮಾನದಂಡ ಆರ್‌ಎಫ್‌ಸಿ 5322 ಪ್ರಕಾರ ಈ ಹೆಡರ್‌ಗಳು ಒಂದು ಮೇಲ್‌ನಲ್ಲಿ ತಲಾ ಒಂದಕ್ಕಿಂತ ಜಾಸ್ತಿ ಇರುವಂತಿಲ್ಲ. ಮೊದಲೇ ಇದೆಯೋ ಇಲ್ಲವೋ ನೋಡಿಕೊಳ್ಳುವುದು ಬಳಸುವವರ ಕೆಲಸ ಅಂತ ಗಿಟ್ ಕೈಪಿಡಿ ಕೈ ತೊಳೆದುಕೊಂಡಿದೆ!

ಇದಕ್ಕೆ ‘ಸಂಘರ್ಷ’ ಅಂತ ಬರೆದು ನೋಡಿದೆ. ಸುಮ್ನೆ ಜೋರಾಯಿತು, ಇಲ್ಲಿ ಯಾರೂ ಹೊಡೆದಾಡುತ್ತಿಲ್ಲ. ‘ಕಾನ್‌ಫ್ಲಿಕ್ಟ್’ ಅಂತಲೇ ಬಿಟ್ಟರೆ ಓದುವವರು ಮರ್ಜ್ ಕಾನ್‌ಫ್ಲಿಕ್ಟ್ (ಎರಡು ಕಡೆಯ ಕೋಡ್ ಬದಲಾವಣೆಗಳು ಕೂಡಿಸಲು ಬಾರದಿರುವುದು) ಅಂದುಕೊಳ್ಳುತ್ತಾರೆ, ಅದು ಬೇರೆಯೇ ಕಥೆ. ‘ವಿರೋಧಾಭಾಸ’ವಂತೂ ಪರೀಕ್ಷೆಯ ಅಲಂಕಾರದ ಪ್ರಶ್ನೆ.

ನನಗೆ ಹಿಡಿಸಿದ್ದು ‘ತಾಳೆ’. ಅಂಗಡಿಯಲ್ಲಿ ಸಂಜೆ ಗಲ್ಲಾಪೆಟ್ಟಿಗೆಯ ದುಡ್ಡು, ಬಿಲ್ ಪುಸ್ತಕ ಎರಡೂ ಕೂಡದಿದ್ದರೆ ‘ಲೆಕ್ಕ ತಾಳೆ ಆಗ್ತಿಲ್ಲ’ ಅಂತೀವಲ್ಲ, ಅದೇ. ‘ಫೈಲಿನ ಹೆಡರ್, ಕಮಾಂಡಿನ ಹೆಡರ್ ತಾಳೆಯಾಗದಿದ್ದರೆ’ ಅಂತ ಬರೆದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಒಂದು ತೊಡಕಿದೆ. ಎರಡೂ ಕಡೆ ಒಂದೇ ಐಡಿ ಇದ್ದರೂ ಹೆಡರ್ ಎರಡು ಸಲ ಬಂದರೆ ತಪ್ಪೇ. ಅಲ್ಲಿ ತಾಳೆಯೇನೋ ಆಯಿತು, ಆದರೂ ಮೇಲ್ ಕೆಟ್ಟಿತು. ಅದಕ್ಕೆ ‘ಜೋಡಿ ಹೆಡರ್’ ಸಾಕಾ? ‘ಮರುಕಳಿಕೆ’ ಅಂದರೆ ರೋಗ ನೆನಪಾಗುತ್ತದೆ, ಬೇಡ.

ಜೊತೆಗೆ ‘ಥ್ರೆಡ್’. ಜೀನ್ಸ್ ಹೊಲಿಯುವ ಈ ಊರಲ್ಲಿ ‘ದಾರ’ ಅಂದರೆ ರೀಲೇ ಕಣ್ಣಿಗೆ ಬರುತ್ತದೆ. ಪ್ಯಾಚ್‌ಗೆ ‘ತೇಪೆ’ ಅಂತ ಬೇರೆ ಬರೆದರೆ ಇದು ಟೈಲರಿಂಗ್ ಪಾಠವೇ ಆಗಿಬಿಡುತ್ತದೆ. ಹಾಗಾಗಿ ‘ಪ್ಯಾಚ್’ ಹಾಗೇ ಇರಲಿ, ಥ್ರೆಡ್‌ಗೆ ‘ಎಳೆ’ ಅಂತ ಇಟ್ಟಿದ್ದೇನೆ. ‘ಎಳೆ ಕಟ್ಟುವುದನ್ನು ಒಂದೇ ಕಡೆ ಮಾಡಿ, ಫಾರ್ಮ್ಯಾಟ್-ಪ್ಯಾಚ್ ಕಟ್ಟಿದ್ದರೆ ಸೆಂಡ್-ಇಮೇಲ್‌ಗೆ ನೋ-ಥ್ರೆಡ್ ಕೊಡಿ’ ಅನ್ನುವುದು ನನ್ನ ಸದ್ಯದ ವಾಕ್ಯ (ನೋ-ಥ್ರೆಡ್ ಅಂದರೆ ‘ನೀನು ಎಳೆ ಕಟ್ಟಬೇಡ’ ಅನ್ನುವ ಆಯ್ಕೆ). ರಾಯಚೂರು, ಕೊಪ್ಪಳದ ಕಡೆಯವರು ‘ತಾಳೆ’ಯನ್ನು ಹೀಗೆ ಬಳಸುತ್ತೀರಾ, ಇಲ್ಲ ಬೇರೆ ಮಾತಿದೆಯಾ?